ಪದರ ಪದರದ ಅರೆತೇವದ ಮಣ್ಣಿನಲ್ಲಿ ಉಪ್ಪು ಹೇಗೆ ಇಳಿಯುತ್ತದೆ? ಪೈಪಿನಲ್ಲಿ ಅಳೆದು ನೋಡುವ ಪೂರ್ತಿ ಕ್ರಮ

ಪೈಪಿಗೆ ಮಣ್ಣು ತುಂಬಬೇಕು, ಮೇಲಿನಿಂದ ಉಪ್ಪು ಕರಗಿಸಿದ ನೀರು ಹನಿಸಬೇಕು, ಕೆಳಗೆ ಅದು ಯಾವಾಗ ಬರುತ್ತದೆ ಅಂತ ಕಾಯಬೇಕು. ಕೇಳಲು ಇಷ್ಟೇ. ಆದರೆ ಮಾಡಲು ಹೊರಟವರು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಾರೆ. ಲೆಕ್ಕದ ಪ್ರಕಾರ 26 ಗಂಟೆಗೆ ಬರಬೇಕಿದ್ದ ಉಪ್ಪು 16 ಗಂಟೆಗೇ ಬಂದುಬಿಡುತ್ತದೆ. ಆಗ ಪೈಪು ಸೋರಿತೇನೋ, ಮೀಟರ್ ಕೆಟ್ಟಿತೇನೋ ಅಂತ ಎಲ್ಲ ಬಿಚ್ಚಿ ಹಾಕುತ್ತಾರೆ. ಎಷ್ಟೋ ಸಲ ಪೈಪೂ ಸರಿ, ಮೀಟರೂ ಸರಿ. ತಪ್ಪಿದ್ದು ಲೆಕ್ಕ.

ಕಾರಣ ಸರಳ. ಉಪ್ಪು ಮಣ್ಣಿನಲ್ಲಿ ಇಳಿಯುವುದಿಲ್ಲ, ಮಣ್ಣಿನಲ್ಲಿರುವ ನೀರಿನಲ್ಲಿ ಇಳಿಯುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ಸ್ವಲ್ಪ ನೀರು, ಸ್ವಲ್ಪ ಗಾಳಿ ಇರುವ ಮಣ್ಣನ್ನು ಇಲ್ಲಿ ಅರೆತೇವದ ಮಣ್ಣು ಅನ್ನುತ್ತೇನೆ. ಅಂಥ ಮಣ್ಣಿನಲ್ಲಿ ಒಂದೊಂದು ಪದರವೂ ಬೇರೆ ಬೇರೆ ಪ್ರಮಾಣದಲ್ಲಿ ನೀರು ಹಿಡಿದಿರುತ್ತದೆ. ಹಾಗಾಗಿ ಮೊದಲು ನೀರಿನ ಲೆಕ್ಕ, ಆಮೇಲೆ ಉಪ್ಪಿನ ಲೆಕ್ಕ. ಕೆಳಗಿನ ಹಂತಗಳನ್ನೆಲ್ಲ ಇದೇ ಕ್ರಮದಲ್ಲಿ ಜೋಡಿಸಿದ್ದೇನೆ. ದಯವಿಟ್ಟು ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ.

## ಬೇಕಾದ ಸಾಮಾನು

ಪಾರದರ್ಶಕ ಅಕ್ರಿಲಿಕ್ ಪೈಪು: ಒಳವ್ಯಾಸ 10 ಸೆಂ.ಮೀ., ಉದ್ದ 70 ಸೆಂ.ಮೀ. ಮಾಮೂಲಿ ಪಿವಿಸಿ ಪೈಪಿನಲ್ಲೂ ಆಗುತ್ತದೆ. ಆದರೆ ಒಳಗೆ ನಡೆಯುವುದನ್ನು ಕಣ್ಣಾರೆ ನೋಡುವುದರಲ್ಲೇ ಅರ್ಧ ಕಲಿಕೆ ಇದೆ.

ಎರಡು ಥರದ ಮಣ್ಣು: 2 ಮಿ.ಮೀ. ಜರಡಿಯಲ್ಲಿ ಸೋಸಿದ, ನೆರಳಲ್ಲಿ ಒಣಗಿಸಿದ ಮರಳು ಮಿಶ್ರಿತ ಗೋಡು ಮಣ್ಣು. ಜೊತೆಗೆ ಚೆನ್ನಾಗಿ ತೊಳೆದ 1ರಿಂದ 2 ಮಿ.ಮೀ. ಗಾತ್ರದ ಒರಟು ಮರಳು.

ಇ.ಸಿ. ಮೀಟರ್ (ನೀರು ಎಷ್ಟು ವಿದ್ಯುತ್ತು ಹರಿಸುತ್ತದೆ ಅಂತ ಅಳೆಯುವುದು; ಉಪ್ಪು ಜಾಸ್ತಿ ಇದ್ದಷ್ಟೂ ಇ.ಸಿ. ಜಾಸ್ತಿ), 0.01 ಗ್ರಾಂವರೆಗೆ ತೋರಿಸುವ ತಕ್ಕಡಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬಹುದಾದ ಒಣಗಿಸುವ ಓವನ್, ಮುಚ್ಚಳವಿರುವ ಚಿಕ್ಕ ಬಾಟಲಿಗಳು (ನೂರಾದರೂ ಇರಲಿ), ಫಿಲ್ಟರ್ ಪೇಪರ್, ಆಸ್ಪತ್ರೆಯಲ್ಲಿ ಬಳಸುವಂಥ ಡ್ರಿಪ್ ಸೆಟ್ ಎರಡು, ಗ್ಲಾಸ್ ಫೈಬರ್ ಹಗ್ಗ, ಕ್ಯಾಲ್ಸಿಯಂ ಕ್ಲೋರೈಡ್, ಶುದ್ಧೀಕರಿಸಿದ ನೀರು.

ತುಂಬಿದ ಪೈಪಿನಲ್ಲಿ ಮಣ್ಣು 7 ಕೆ.ಜಿ., ನೀರು ಒಂದು ಕೆ.ಜಿ.ಗೂ ಜಾಸ್ತಿ ಇರುತ್ತದೆ. ಸ್ಟ್ಯಾಂಡ್ ಗಟ್ಟಿ ಇರಲಿ.

## ಹಂತ 1: ಪೈಪಿನ ಗೋಡೆಯನ್ನು ಒರಟು ಮಾಡಿ

ನುಣುಪಾದ ಗೋಡೆಗೂ ಮಣ್ಣಿಗೂ ನಡುವೆ ಸಣ್ಣ ಸಂದು ಉಳಿದೇ ಉಳಿಯುತ್ತದೆ. ನೀರಿಗೆ ಅದು ಹೆದ್ದಾರಿ. ನನ್ನ ಮೊದಲ ಪೈಪಿನಲ್ಲಿ ಉಪ್ಪು ಎರಡೇ ಗಂಟೆಯಲ್ಲಿ ಕೆಳಗೆ ಬಂದಿತ್ತು. ಬಿಚ್ಚಿ ನೋಡಿದಾಗ ಒಂದು ಪಕ್ಕದ ಮಣ್ಣು ಮಾತ್ರ ತೊಯ್ದಿತ್ತು, ನಡುಭಾಗ ಬಹುತೇಕ ಒಣಗಿಯೇ ಇತ್ತು.

ಪರಿಹಾರ: ಒಳಗೋಡೆಗೆ ಸಿಲಿಕೋನ್ ಅಂಟನ್ನು ತೆಳ್ಳಗೆ ಸವರಿ, ಅದರ ಮೇಲೆ ಸಣ್ಣ ಮರಳು ಉದುರಿಸಿ, ಒಂದು ದಿನ ಆರಲು ಬಿಡಿ. ನೋಡುವುದಕ್ಕೆ ಎರಡು ಬೆರಳಗಲದ ಪಟ್ಟಿಯೊಂದನ್ನು ಮೇಲಿನಿಂದ ಕೆಳಗಿನ ತನಕ ಹಾಗೇ ಬಿಡಿ.

ಜೊತೆಗೆ ಗೋಡೆಯಲ್ಲಿ 10 ಸೆಂ.ಮೀ.ಗೆ ಒಂದರಂತೆ 2 ಮಿ.ಮೀ. ತೂತು ಕೊರೆಯಿರಿ. ಇವು ಗಾಳಿಗೆ. ನೀರು ಇಳಿಯುವಾಗ ಒಳಗಿನ ಗಾಳಿ ಹೊರಗೆ ಹೋಗಲು ದಾರಿ ಬೇಕಲ್ವಾ? ದಾರಿ ಇಲ್ಲದಿದ್ದರೆ ಅದು ಸಿಕ್ಕಿಹಾಕಿಕೊಂಡು ನೀರನ್ನೇ ತಡೆಯುತ್ತದೆ.

## ಹಂತ 2: ತಳವನ್ನು ಸರಿ ಮಾಡಿ

ಈ ಹಂತವನ್ನು ಬಿಟ್ಟುಬಿಡುವವರೇ ಜಾಸ್ತಿ. ತಳಕ್ಕೆ ಬರಿ ಜಾಲರಿ ಕಟ್ಟಿದರೆ ನೀರು ತಾನಾಗಿ ತೊಟ್ಟಿಕ್ಕುತ್ತದೆ ಅಂದುಕೊಳ್ಳುತ್ತೇವೆ. ಹಾಗೆ ಆಗುವುದಿಲ್ಲ. ಮಣ್ಣು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ತಳದ ಮಣ್ಣಿನ ಸಂದುಗಳು ಪೂರ್ತಿ ತುಂಬುವ ತನಕ ಒಂದು ಹನಿಯೂ ಗಾಳಿಗೆ ಬೀಳುವುದಿಲ್ಲ. ಅಂದರೆ ಅರೆತೇವದ ಮಣ್ಣಿನ ಪ್ರಯೋಗದ ತಳದಲ್ಲಿ ನೀರು ನಿಂತ ಮಣ್ಣು ಬಂದು ಕೂರುತ್ತದೆ.

ಗ್ಲಾಸ್ ಫೈಬರ್ ಹಗ್ಗದ ಒಂದು ತುದಿಯ ಎಳೆಗಳನ್ನು ಬಿಡಿಸಿ ತಳದ ತಟ್ಟೆಯ ಮೇಲೆ ಸೂರ್ಯನ ಕಿರಣದ ಹಾಗೆ ಹರಡಿ. ಇನ್ನೊಂದು ತುದಿಯನ್ನು ತಟ್ಟೆಯ ನಡುವಿನ ತೂತಿನಿಂದ 30 ಸೆಂ.ಮೀ. ಕೆಳಗೆ ಇಳಿಬಿಡಿ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಈ ಹಗ್ಗ ಮಣ್ಣಿನ ನೀರನ್ನು ಕೆಳಕ್ಕೆ ಎಳೆಯುತ್ತದೆ. ಹೊಸ ಹಗ್ಗಕ್ಕೆ ಕಾರ್ಖಾನೆಯಲ್ಲೇ ಒಂದು ಲೇಪ ಹಾಕಿರುತ್ತಾರೆ, ಅದು ನೀರು ಹೀರಲು ಬಿಡುವುದಿಲ್ಲ. 400 ಡಿಗ್ರಿಯ ಕುಲುಮೆಯಲ್ಲಿ ಕೆಲವು ಗಂಟೆ ಇಟ್ಟರೆ ಲೇಪ ಸುಟ್ಟು ಹೋಗುತ್ತದೆ. ಹೊಗೆ ಹೊರಗೆ ಹೋಗುವ ವ್ಯವಸ್ಥೆ ಇರಲಿ. ಹಗ್ಗ ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಎಳೆಗಳು ಚರ್ಮಕ್ಕೆ ಚುಚ್ಚುತ್ತವೆ.

## ಹಂತ 3: ತೂಗಿ ತೂಗಿ ತುಂಬಿ

ನಾವು ಕಟ್ಟುವುದು ಮೂರು ಪದರ: ಕೆಳಗೆ 20 ಸೆಂ.ಮೀ. ಗೋಡು ಮಣ್ಣು, ನಡುವೆ 20 ಸೆಂ.ಮೀ. ಒರಟು ಮರಳು, ಮೇಲೆ ಮತ್ತೆ 20 ಸೆಂ.ಮೀ. ಗೋಡು ಮಣ್ಣು.

ಒಂದೇ ಸಲ ಸುರಿಯಬೇಡಿ. ಸುರಿದಾಗ ದಪ್ಪ ಕಣ ಅಂಚಿಗೆ ಉರುಳುತ್ತದೆ, ಸಣ್ಣದು ನಡುವೆ ಉಳಿಯುತ್ತದೆ. ನೀವು ಮಾಡದ ಪದರಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ. ಬದಲಿಗೆ 2 ಸೆಂ.ಮೀ. 2 ಸೆಂ.ಮೀ. ಆಗಿ ತುಂಬಿ. ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ 78.5 ಚದರ ಸೆಂ.ಮೀ. 2 ಸೆಂ.ಮೀ. ಎತ್ತರಕ್ಕೆ 157 ಘನ ಸೆಂ.ಮೀ. ಘನ ಸೆಂ.ಮೀ.ಗೆ 1.5 ಗ್ರಾಂ ಒಣಮಣ್ಣು ಇರಬೇಕು ಅಂದರೆ ಪ್ರತಿ ಸಲ 236 ಗ್ರಾಂ. ಅಷ್ಟು ಹಾಕಿ, ಚಪ್ಪಟೆ ಮರದ ತುಂಡಿನಿಂದ ಸರಿಯಾಗಿ 2 ಸೆಂ.ಮೀ. ಆಗುವ ತನಕ ಒತ್ತಿ.

ಒಂದೇ ಮಣ್ಣಿನ ಎರಡು ಸಲದ ನಡುವೆ ಮೇಲ್ಮೈಯನ್ನು ಫೋರ್ಕಿನಿಂದ ಲಘುವಾಗಿ ಕೆರೆಯಿರಿ. ಆದರೆ ಗೋಡು ಮಣ್ಣೂ ಮರಳೂ ಸೇರುವ ಗಡಿಯಲ್ಲಿ ಮಾತ್ರ ಕೆರೆಯಬೇಡಿ. ಅಲ್ಲಿ ಎರಡೂ ಬೆರೆತರೆ ನೋಡಬೇಕಾದ ವಿಷಯವೇ ಕೈತಪ್ಪುತ್ತದೆ. ಗಡಿ ಮಟ್ಟಸವಾಗಿಯೂ ಇರಬೇಕು. ಓರೆಯಾದರೆ ನೀರು ಆ ಇಳಿಜಾರಿನಲ್ಲೇ ಜಾರಿ ಒಂದು ಮೂಲೆಗೆ ಸೇರಿ, ಅಲ್ಲಿಂದ ಮಾತ್ರ ಇಳಿಯುತ್ತದೆ.

ಮರಳನ್ನು ಪೂರ್ತಿ ಒಣಗಿದ್ದಾಗ ತುಂಬಬೇಡಿ. ಕೆ.ಜಿ.ಗೆ 30 ಮಿ.ಲೀ. ನೀರು ಬೆರೆಸಿ, ಚೀಲದ ಬಾಯಿ ಕಟ್ಟಿ ರಾತ್ರಿಯಿಡೀ ಇಡಿ. ಆಗ ತೂಕ 236ರ ಬದಲು 243 ಗ್ರಾಂ ಆಗುತ್ತದೆ. ಈ ಸಣ್ಣ ಕೆಲಸ ಯಾಕೆ ಅನ್ನುವುದು 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಕೊನೆಗೆ ಮೇಲ್ಮೈ ಮೇಲೆ ಫಿಲ್ಟರ್ ಪೇಪರ್ ಹಾಸಿ. ಹನಿ ಬಿದ್ದ ಜಾಗದಲ್ಲಿ ಗುಂಡಿ ಆಗುವುದಿಲ್ಲ, ನೀರೂ ಹರಡಿಕೊಳ್ಳುತ್ತದೆ.

## ಹಂತ 4: ಎರಡು ನೀರು ತಯಾರಿಸಿ

ಮೊದಲನೆಯದು ತೆಳು ನೀರು: ಲೀಟರಿಗೆ 0.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಎರಡನೆಯದು ಗುರುತಿನ ನೀರು: ಲೀಟರಿಗೆ 5 ಗ್ರಾಂ. ಈ ಪುಡಿ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ, ಹಾಗಾಗಿ ಬೇಗ ತೂಗಿ ಡಬ್ಬಿ ಮುಚ್ಚಿ.

ಅಡುಗೆ ಉಪ್ಪು ಸಾಲದೇ ಅಂತ ಅನ್ನಿಸಬಹುದು. ಸಾಲದು. ಅದರಲ್ಲಿರುವ ಸೋಡಿಯಂ ಜೇಡಿಕಣಗಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತೆಳು ನೀರು ಬಂದಾಗ ಆ ಕಣಗಳು ಬಿಡಿಬಿಡಿಯಾಗಿ ತೇಲಿ ಸಂದುಗಳನ್ನು ಮುಚ್ಚುತ್ತವೆ. ನೀರು ಮೇಲೆ ನಿಲ್ಲುತ್ತದೆ, ಪ್ರಯೋಗ ಅಲ್ಲಿಗೆ ಮುಗಿಯುತ್ತದೆ. ಇದೇ ಕಾರಣಕ್ಕೆ ಬರಿ ಶುದ್ಧೀಕರಿಸಿದ ನೀರನ್ನೂ ಹನಿಸಬೇಡಿ.

ತಿನ್ನುವ ಬಣ್ಣ ಹಾಕಿ ನೋಡುವವರೂ ಇದ್ದಾರೆ. ಬಣ್ಣ ಚೆಂದ ಕಾಣುತ್ತದೆ, ಆದರೆ ಮಣ್ಣಿಗೆ ಅಂಟಿಕೊಂಡು ನೀರಿಗಿಂತ ಹಿಂದೆ ಬೀಳುತ್ತದೆ. ಕ್ಲೋರೈಡ್ ಬಹುತೇಕ ಮಣ್ಣುಗಳಲ್ಲಿ ನೀರಿನ ಜೊತೆಗೇ ಸಾಗುತ್ತದೆ. ಎರಡು ವಿನಾಯಿತಿ ನೆನಪಿಡಿ. ಜೇಡಿ ಜಾಸ್ತಿ ಇದ್ದರೆ ಕಣಗಳ ಋಣ ವಿದ್ಯುತ್ತು ಕ್ಲೋರೈಡನ್ನು ದೂರ ತಳ್ಳುವುದರಿಂದ ಅದು ನೀರಿಗಿಂತ ತುಸು ಮುಂದೆ ಬರುತ್ತದೆ. ಕಬ್ಬಿಣದ ಅಂಶ ಜಾಸ್ತಿ ಇರುವ ಹುಳಿ ಕೆಂಪು ಮಣ್ಣಾದರೆ ಸ್ವಲ್ಪ ತಡವಾಗಬಹುದು.

## ಹಂತ 5: ನೀರನ್ನು ಮೊದಲು ಒಂದೇ ಸಮ ಮಾಡಿ

ಉಪ್ಪನ್ನು ಇನ್ನೂ ಮುಟ್ಟಬೇಡಿ. ತೆಳು ನೀರನ್ನು ಗಂಟೆಗೆ 1 ಸೆಂ.ಮೀ. ಲೆಕ್ಕದಲ್ಲಿ ಹನಿಸಿ. ನಮ್ಮ ಪೈಪಿಗೆ ಅದು ಗಂಟೆಗೆ 78.5 ಮಿ.ಲೀ. 20 ಹನಿಗೆ 1 ಮಿ.ಲೀ. ಬೀಳುವ ಡ್ರಿಪ್ ಸೆಟ್ ಆದರೆ ನಿಮಿಷಕ್ಕೆ 26 ಹನಿ. ಬಾಟಲಿ ಖಾಲಿಯಾಗುತ್ತಾ ಹೋದಂತೆ ಹನಿ ನಿಧಾನವಾಗುತ್ತದೆ. ಅದಕ್ಕೆ ಬಾಟಲಿಯ ಬಾಯಿಗೆ ಗಾಳಿ ಆಡದಂತೆ ಬಿರಡೆ ಹಾಕಿ, ಬಿರಡೆಯ ಮೂಲಕ ಒಂದು ಗಾಳಿ ಕೊಳವೆಯನ್ನು ನೀರಿನ ತಳದವರೆಗೆ ಇಳಿಸಿ. ಕೊಳವೆಯ ಕೆಳತುದಿ ನೀರಿನಲ್ಲಿ ಇರುವ ತನಕ ಹನಿಯ ವೇಗ ಬದಲಾಗುವುದಿಲ್ಲ.

ಈಗ ಪೈಪಿನ ಪಕ್ಕ ಕುಳಿತು ನೋಡಿ. ಒದ್ದೆಯ ಕಪ್ಪು ಗೆರೆ ಗೋಡು ಮಣ್ಣಿನಲ್ಲಿ ನಿಧಾನವಾಗಿ, ಸಮನಾಗಿ ಇಳಿಯುತ್ತದೆ. ಆರೇಳು ಗಂಟೆಯ ಹೊತ್ತಿಗೆ ಮರಳಿನ ಗಡಿಗೆ ಬರುತ್ತದೆ. ಬಂದು ಅಲ್ಲೇ ನಿಂತುಬಿಡುತ್ತದೆ. ಕೆಳಗೆ ದೊಡ್ಡ ದೊಡ್ಡ ಸಂದುಗಳ ಮರಳು ಇದೆ, ದಾರಿ ತೆರೆದೇ ಇದೆ, ಆದರೂ ನೀರು ಇಳಿಯುವುದಿಲ್ಲ. ಮೇಲಿನ ಸಣ್ಣ ಸಂದುಗಳು ನೀರನ್ನು ಬಲವಾಗಿ ಹಿಡಿದಿವೆ, ದೊಡ್ಡ ಸಂದುಗಳಿಗೆ ಅದನ್ನು ಕಿತ್ತುಕೊಳ್ಳುವ ಶಕ್ತಿ ಇಲ್ಲ. ಗಡಿಯ ಮೇಲಿನ ಕೆಲವು ಸೆಂ.ಮೀ. ಮಣ್ಣು ಇನ್ನೂ ಕಪ್ಪಾಗುತ್ತಾ ಹೋಗುತ್ತದೆ. ಕೊನೆಗೆ ಎಲ್ಲೋ ಒಂದೆರಡು ಜಾಗದಲ್ಲಿ ನೀರು ಕಟ್ಟೆ ಒಡೆದ ಹಾಗೆ ಮರಳಿಗೆ ನುಗ್ಗಿ, ಬೆರಳಿನಾಕಾರದಲ್ಲಿ ಸರ್ರನೆ ಇಳಿಯುತ್ತದೆ. ಇದನ್ನು ಒಂದು ಸಲ ಕಣ್ಣಾರೆ ನೋಡಿದವರು ಕುಂಡದ ತಳಕ್ಕೆ ಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನುವ ಮಾತನ್ನು ಮತ್ತೆ ನಂಬುವುದಿಲ್ಲ. ಕಲ್ಲಿನ ಪದರದ ಮೇಲೆ ಮಣ್ಣು ಇನ್ನೂ ಜಾಸ್ತಿ ನೆನೆದಿರುತ್ತದೆ.

ಮರಳು ಪೂರ್ತಿ ಒಣಗಿದ್ದರೆ ಈ ಬೆರಳುಗಳು ತೆಳ್ಳಗಾಗಿ, ಆಮೇಲೂ ನೀರು ಅದೇ ದಾರಿ ಹಿಡಿಯುತ್ತದೆ. ಮೊದಲೇ ತುಸು ತೇವ ಕೊಟ್ಟಿದ್ದರೆ ಅಗಲವಾಗಿ ಹರಡುತ್ತವೆ. 30 ಮಿ.ಲೀ. ನೀರು ಬೆರೆಸಿದ್ದು ಇದಕ್ಕೇ.

ಹನಿ ನಿಲ್ಲಿಸದೆ ಎರಡು ದಿನ ಬಿಡಿ. ಅಷ್ಟರಲ್ಲಿ ಸುಮಾರು 3.8 ಲೀಟರ್ ಹರಿದಿರುತ್ತದೆ. ಮಣ್ಣಿನಲ್ಲಿ ಮೊದಲೇ ಇದ್ದ ಲವಣ ತೊಳೆದು ಹೋಗುತ್ತದೆ, ಕಣಗಳ ಮೇಲೂ ಕ್ಯಾಲ್ಸಿಯಂ ಕೂತಿರುತ್ತದೆ. ಮುಂದಕ್ಕೆ ಹೋಗುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಅರ್ಧ ಗಂಟೆಯಲ್ಲಿ ಒಳಗೆ ಹೋದ ನೀರೂ ಹೊರಗೆ ಬಂದ ನೀರೂ ತೂಕದಲ್ಲಿ ಶೇ 3ರ ಒಳಗೆ ಹೊಂದಬೇಕು, ಅದೂ ಸತತ ನಾಲ್ಕೈದು ಸಲ. ಹೊರಬಂದ ನೀರಿನ ಇ.ಸಿ. ಒಳಹೋಗುವ ತೆಳು ನೀರಿನ ಇ.ಸಿ.ಗೆ ಸಮನಾಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಕಾಯಿರಿ. ಇಲ್ಲಿ ಆತುರಪಟ್ಟವರ ಪ್ರಯೋಗ ಯಾವತ್ತೂ ಸರಿಬಂದಿಲ್ಲ.

## ಹಂತ 6: ಉಪ್ಪು ಬರುವ ಮೊದಲೇ ಸಮಯ ಬರೆದಿಡಿ

ಹರಿವು ಒಂದೇ ಸಮ ಆದಮೇಲೆ ಪ್ರತಿ ಪದರದಲ್ಲೂ ಗಂಟೆಗೆ 1 ಸೆಂ.ಮೀ. ನೀರೇ ದಾಟುತ್ತದೆ. ಆದರೆ ಪದರ ಹಿಡಿದಿರುವ ನೀರು ಬೇರೆ. ಗೋಡು ಮಣ್ಣಿನ ಒಟ್ಟು ಗಾತ್ರದಲ್ಲಿ ಶೇ 35 ನೀರು, ಒರಟು ಮರಳಿನಲ್ಲಿ ಶೇ 10 ಅಂತ ಇಟ್ಟುಕೊಳ್ಳಿ. ಪದರದ ದಪ್ಪವನ್ನು ನೀರಿನ ಅಂಶದಿಂದ ಗುಣಿಸಿ, ಹರಿವಿನಿಂದ ಭಾಗಿಸಿದರೆ ಉಪ್ಪು ಆ ಪದರ ದಾಟುವ ಸಮಯ ಸಿಗುತ್ತದೆ.

ಮೇಲಿನ ಗೋಡು: 20 × 0.35 = 7 ಗಂಟೆ.
ಮರಳು: 20 × 0.10 = 2 ಗಂಟೆ.
ಕೆಳಗಿನ ಗೋಡು: 7 ಗಂಟೆ.
ಒಟ್ಟು 16 ಗಂಟೆ.

ಈಗ ಶುರುವಿನಲ್ಲಿ ಹೇಳಿದ 26 ಗಂಟೆ ಎಲ್ಲಿಂದ ಬಂತು ನೋಡಿ. ಖನಿಜ ಕಣದ ಸಾಂದ್ರತೆ ಘನ ಸೆಂ.ಮೀ.ಗೆ 2.65 ಗ್ರಾಂ. ನಾವು ತುಂಬಿದ್ದು 1.5. ಅಂದರೆ ಶೇ 43ರಷ್ಟು ಜಾಗ ಸಂದು. ಆ ಸಂದೆಲ್ಲ ನೀರೇ ಅಂದುಕೊಂಡರೆ 60 × 0.43, ಸುಮಾರು 26 ಗಂಟೆ. ಸಂದಿನಲ್ಲಿ ಗಾಳಿಯೂ ಇದೆ ಅನ್ನುವುದನ್ನು ಮರೆತದ್ದೇ ಆ ಹತ್ತು ಗಂಟೆಯ ವ್ಯತ್ಯಾಸ.

ಮರಳಿನಲ್ಲಿ ಉಪ್ಪು ಗಂಟೆಗೆ 10 ಸೆಂ.ಮೀ. ಓಡುತ್ತದೆ, ಗೋಡಿನಲ್ಲಿ 3 ಸೆಂ.ಮೀ.ಗೂ ಕಡಿಮೆ. ಮರಳು ಸುಲಭದ ದಾರಿ ಅಂತಲ್ಲ. ಅಲ್ಲಿ ನೀರು ಕಡಿಮೆ ಇದೆ, ಇರುವಷ್ಟು ನೀರೇ ಅದೇ ಹರಿವನ್ನು ಹೊರಬೇಕು, ಹಾಗಾಗಿ ವೇಗ ಜಾಸ್ತಿ.

## ಹಂತ 7: ಗುರುತಿನ ನೀರು ಕೊಡಿ

ಎರಡನೇ ಬಾಟಲಿಯನ್ನು ಮೊದಲನೆಯದರ ಎತ್ತರದಲ್ಲೇ ತೂಗುಹಾಕಿ, ಎರಡಕ್ಕೂ ಒಂದೇ ಮೂರು ದಾರಿಯ ಕವಾಟ ಜೋಡಿಸಿ. ಹನಿ ಒಂದು ಕ್ಷಣವೂ ನಿಲ್ಲಬಾರದು. ಕವಾಟ ತಿರುಗಿಸಿದ ಸಮಯ ಬರೆಯಿರಿ. ಸರಿಯಾಗಿ 2 ಗಂಟೆ, ಅಂದರೆ 157 ಮಿ.ಲೀ. ಕೊಟ್ಟು ಮತ್ತೆ ತೆಳು ನೀರಿಗೆ ತಿರುಗಿಸಿ.

ಪೈಪಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸೂಜಿಯಿಂದ ಕೆಲವು ತೂತು ಚುಚ್ಚಿ. ಹಗ್ಗದ ತುದಿಗೂ ಬಾಟಲಿಗೂ ನಡುವೆ ಗಾಳಿ ಆಡದಂತೆ ಮುಚ್ಚಿ. ನೀರು ಆವಿಯಾದರೆ ಉಪ್ಪು ಗಟ್ಟಿಯಾಗಿ ಲೆಕ್ಕ ಕೆಡುತ್ತದೆ.

15 ನಿಮಿಷಕ್ಕೊಂದು ಬಾಟಲಿ, ಸುಮಾರು 20 ಮಿ.ಲೀ. ಮೊದಲ ಕೆಲವು ಗಂಟೆ ಬಾಟಲಿಗೆ ಒಂದು ಗಂಟೆ ಕೊಟ್ಟರೂ ನಡೆಯುತ್ತದೆ, ಆದರೆ ಸುಮ್ನೆ ಬಿಡಬೇಡಿ. ಗೋಡೆಯ ಸೋರಿಕೆ ಇದ್ದರೆ ಗೊತ್ತಾಗುವುದು ಆಗಲೇ.

## ಹಂತ 8: ಇ.ಸಿ. ಅಳೆದು ಗ್ರಾಫ್ ಹಾಕಿ

ಎಲ್ಲ ಬಾಟಲಿಯೂ ಒಂದೇ ಉಷ್ಣತೆಗೆ ಬಂದ ಮೇಲೆ ಅಳೆಯಿರಿ. ಒಂದು ಡಿಗ್ರಿ ಏರಿದರೆ ಇ.ಸಿ. ಸುಮಾರು ಶೇ 2 ಏರುತ್ತದೆ. ಇ.ಸಿ.ಯನ್ನು ನೇರವಾಗಿ ಉಪ್ಪು ಅಂತ ಓದಬೇಡಿ. ಎರಡು ನೀರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಐದಾರು ಮಾದರಿ ಮಾಡಿ, ಅವುಗಳಿಂದ ಲೀಟರಿಗೆ ಎಷ್ಟು ಗ್ರಾಂ ಅನ್ನುವ ಕೋಷ್ಟಕ ತಯಾರಿಸಿಕೊಳ್ಳಿ.

ಮೊದಲು ಜಮಾ ಖರ್ಚು ನೋಡಿ. ತೆಳು ನೀರಿನ ಪಾಲು ಕಳೆದು ನಾವು ಹೆಚ್ಚುವರಿ ಕೊಟ್ಟದ್ದು 0.71 ಗ್ರಾಂ. ಪ್ರತಿ ಬಾಟಲಿಯಲ್ಲಿ ಎಷ್ಟು ಲೀಟರ್ ನೀರಿದೆ ಅನ್ನುವುದನ್ನು ಅದರ ಲೀಟರಿನ ಹೆಚ್ಚುವರಿ ಉಪ್ಪಿನಿಂದ ಗುಣಿಸಿ ಕೂಡಿಸಿ. ಶೇ 95ರಿಂದ 105ರ ಒಳಗೆ ಬಂದರೆ ಗ್ರಾಫ್ ನಂಬಬಹುದು. ಇಲ್ಲದಿದ್ದರೆ ಗ್ರಾಫ್ ಎಷ್ಟೇ ಚೆಂದ ಇರಲಿ, ಅದರಿಂದ ಏನನ್ನೂ ಹೇಳಬೇಡಿ.

ಆಮೇಲೆ ಸರಾಸರಿ ಸಮಯ. ಗ್ರಾಫಿನ ತುದಿಯನ್ನಲ್ಲ, ಇಡೀ ಉಪ್ಪಿನ ಸರಾಸರಿಯನ್ನು ತೆಗೆಯಿರಿ. ಎರಡು ಗಂಟೆ ಕೊಟ್ಟಿದ್ದರಿಂದ ಅದರ ಅರ್ಧ, ಒಂದು ಗಂಟೆ ಸೇರಿಸಬೇಕು. ನಮ್ಮ ಲೆಕ್ಕಕ್ಕೆ 17 ಗಂಟೆ. ಹಗ್ಗದಲ್ಲಿ, ಕೊಳವೆಯಲ್ಲಿ ನಿಂತ ನೀರು ದಾಟಲು ಹಿಡಿಯುವ ಸಮಯವನ್ನೂ ಬೇರೆ ಅಳೆದು ಕಳೆಯಿರಿ.

## ಹಂತ 9: ಪೈಪನ್ನು ಕೊಯ್ದು ನಿಜವಾದ ನೀರು ಅಳೆಯಿರಿ

6ನೇ ಹಂತದ ಶೇ 35, ಶೇ 10 ಇವು ಊಹೆ. ಅವನ್ನು ಈಗ ನಿಜದಿಂದ ಬದಲಿಸಬೇಕು. ಹನಿ ನಿಲ್ಲಿಸಿದ ಕೂಡಲೇ ಹಗ್ಗವನ್ನು ಬಿಗಿಯಾಗಿ ಕ್ಲಿಪ್ ಹಾಕಿ, ಮೇಲಿನಿಂದ 2 ಸೆಂ.ಮೀ.ನಂತೆ ಮಣ್ಣು ತೆಗೆದು ಡಬ್ಬಿಗೆ ಹಾಕುತ್ತಾ ಹೋಗಿ. ಅರ್ಧ ಗಂಟೆಯೊಳಗೆ ಮುಗಿಸಿ. ತಡವಾದರೆ ಮರಳಿನ ನೀರು ಬಸಿದು ಹೋಗುತ್ತದೆ. ಹಸಿ ತೂಕ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿದ ತೂಕ, ಎರಡರ ವ್ಯತ್ಯಾಸವೇ ನೀರು. ಅದನ್ನು 157ರಿಂದ ಭಾಗಿಸಿದರೆ ಗಾತ್ರದ ಲೆಕ್ಕದ ನೀರಿನ ಅಂಶ.

ಮೇಲಿನ ಗೋಡು ಮಣ್ಣಿನಲ್ಲಿ ಗಡಿಯ ಹತ್ತಿರ ನೀರು ಜಾಸ್ತಿ, ಅದರ ಕೆಳಗೆ ಮರಳಿನಲ್ಲಿ ಥಟ್ಟನೆ ಕಡಿಮೆ ಕಾಣಬೇಕು. ಈ ಅಂಕಿಗಳನ್ನು ಹಾಕಿ ಸಮಯವನ್ನು ಮತ್ತೆ ಲೆಕ್ಕ ಮಾಡಿ, ಅಳೆದ ಸರಾಸರಿಗೆ ಹೋಲಿಸಿ.

## ಹಂತ 10: ಕಂಪ್ಯೂಟರಿಗೆ ಕೊಡುವುದಾದರೆ

ಹೈಡ್ರಸ್-1ಡಿ ಅನ್ನುವ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ.

ಶುರುವಿನ ಸ್ಥಿತಿಯನ್ನು ಇಡೀ ಪೈಪಿಗೆ ಒಂದೇ ನೀರಿನ ಅಂಶ ಅಂತ ಕೊಡುವುದು ಮೊದಲನೆಯದು. ಗಡಿಯ ಎರಡೂ ಬದಿ ಸಮನಾಗಿರುವುದು ನೀರಿನ ಒತ್ತಡ, ನೀರಿನ ಅಂಶ ಅಲ್ಲ. ಒತ್ತಡವನ್ನೇ ಕೊಡಿ. ಎರಡನೆಯದು, ಮೇಲಿನ ಅಂಚಿನಲ್ಲಿ ಉಪ್ಪಿನ ಸಾಂದ್ರತೆಯನ್ನು ಸ್ಥಿರ ಅಂತ ಕೊಡುವುದು. ನಾವು ಹನಿಸಿದ್ದು ನೀರಿನ ಜೊತೆ ಬರುವ ಉಪ್ಪು, ಹಾಗಾಗಿ ಉಪ್ಪಿನ ಹರಿವನ್ನು ಕೊಡಬೇಕು. ಇಲ್ಲದಿದ್ದರೆ ತಂತ್ರಾಂಶ ನೀವು ಕೊಡದ ಉಪ್ಪನ್ನೂ ಒಳಗೆ ಸೇರಿಸುತ್ತದೆ. ಮೂರನೆಯದು, ಲೆಕ್ಕಕ್ಕಾಗಿ ತಂತ್ರಾಂಶ ಪೈಪನ್ನು ತೆಳು ತುಂಡುಗಳಾಗಿ ಭಾಗಿಸುವ ಗೆರೆಗಳನ್ನು ಗಡಿಯ ಹತ್ತಿರ ದೂರ ದೂರ ಇಡುವುದು. ಅಲ್ಲಿ 1ರಿಂದ 2 ಮಿ.ಮೀ.ಗೆ ಒಂದು ಇರಲಿ. ಉತ್ತರದಲ್ಲಿ ಉಪ್ಪು ಸೊನ್ನೆಗಿಂತ ಕೆಳಗೆ ಇಳಿದರೆ ಗೆರೆಗಳು ಸಾಲದು ಅಂತ ಅರ್ಥ.

ಮಣ್ಣಿಗೆ ಅಂಟುವ ವಸ್ತುವಾದರೆ ತಡವನ್ನೂ ಪದರಕ್ಕೊಂದರಂತೆ ಕೊಡಿ. ಅದೇ ಅಂಟುವ ಗುಣ ಇದ್ದರೂ ನೀರು ಕಡಿಮೆ ಇರುವ ಪದರದಲ್ಲಿ ತಡದ ಪಟ್ಟು ಜಾಸ್ತಿ. ಉದಾಹರಣೆಗೆ ಗ್ರಾಂಗೆ 0.2 ಮಿ.ಲೀ. ಅಂಟುವ ಗುಣಾಂಕ ಇದ್ದರೆ, ಶೇ 35 ನೀರಿರುವ ಗೋಡಿನಲ್ಲಿ ಅದು ನೀರಿಗಿಂತ ಸುಮಾರು 1.9 ಪಟ್ಟು ತಡ, ಶೇ 10 ನೀರಿರುವ ಮರಳಿನಲ್ಲಿ 4 ಪಟ್ಟು ತಡ.

## ಈ ಲಕ್ಷಣ ಕಂಡರೆ ನಿಲ್ಲಿಸಿ ನೋಡಿ

ಮೇಲೆ ನೀರು ನಿಂತಿದೆ: ಹನಿ ಜಾಸ್ತಿಯಾಗಿದೆ, ಇಲ್ಲವೇ ಜೇಡಿ ಸಂದು ಮುಚ್ಚಿದೆ. ಹೊರಬರುವ ನೀರು ಕದಡಿದ್ದರೆ ಎರಡನೆಯದೇ ಕಾರಣ, ಮಣ್ಣು ಬದಲಿಸಿ ಮೊದಲಿನಿಂದ ಮಾಡಬೇಕು.

ಮೂರ್ನಾಲ್ಕು ಗಂಟೆಗೇ ಇ.ಸಿ. ಏರಿತು: ಗೋಡೆಯ ಸಂದು. ಇದನ್ನು ಲೆಕ್ಕದಲ್ಲಿ ಸರಿಪಡಿಸಲು ಆಗುವುದಿಲ್ಲ.

ಬೇಗ ಏರಿ, ಇಳಿಯುವಾಗ ಬಾಲ ಉದ್ದ ಎಳೆಯುತ್ತಿದೆ: ಮರಳಿನಲ್ಲಿ ಬೆರಳಿನಂಥ ದಾರಿ ಉಳಿದುಕೊಂಡಿದೆ. ಪಕ್ಕದ ನೀರು ಹರಿಯದೆ ನಿಂತಿದ್ದು, ಉಪ್ಪು ಅದರೊಳಗೆ ಹೋಗಿ ನಿಧಾನವಾಗಿ ಹಿಂದಕ್ಕೆ ಬರುತ್ತಿದೆ. ಇದು ತಪ್ಪಲ್ಲ, ಮಣ್ಣಿನ ನಿಜವಾದ ನಡವಳಿಕೆ. ಹಾಗೇ ಬರೆದಿಡಿ. ಇದನ್ನು ಪರೀಕ್ಷಿಸಲು ಹರಿವು ನಿಲ್ಲಿಸಿ ನೋಡುವ ವಿಧಾನವೊಂದಿದೆ, ಆದರೆ ಅದು ನೀರು ಪೂರ್ತಿ ತುಂಬಿದ ಪೈಪಿಗೆ. ಅರೆತೇವದ ಪೈಪಿನಲ್ಲಿ ನಿಲ್ಲಿಸಿದರೆ ನೀರೇ ಬಸಿದು ಎಲ್ಲ ಬದಲಾಗುತ್ತದೆ.

ಹೊರಬರುವ ನೀರು ಗಂಟೆಗಂಟೆಗೆ ಏರಿಳಿಯುತ್ತಿದೆ: ಹಗ್ಗ ಮಣ್ಣಿನಿಂದ ಬಿಟ್ಟುಕೊಂಡಿದೆ. ತಳದಲ್ಲಿ ನೀರು ತುಂಬಿ ಒಮ್ಮೆಲೇ ಸುರಿಯುತ್ತಿದೆ.

## ಹಂತ 11: ಇನ್ನೊಂದು ಸಲ, ಅರ್ಧ ಹರಿವಿನಲ್ಲಿ

ಒಂದೇ ಪ್ರಯೋಗದಿಂದ ನಿರ್ಧಾರಕ್ಕೆ ಬರಬೇಡಿ. ಹೊಸದಾಗಿ ತುಂಬಿ, ನಿಮಿಷಕ್ಕೆ 13 ಹನಿಯಲ್ಲಿ ಮತ್ತೆ ಮಾಡಿ. ಸಮಯ ಸರಿಯಾಗಿ ಎರಡು ಪಟ್ಟು ಆಗುತ್ತದೆ ಅಂತ ಕಾಯಬೇಡಿ. ಹರಿವು ಕಡಿಮೆಯಾದಾಗ ಪದರಗಳು ಹಿಡಿಯುವ ನೀರೂ ಕಡಿಮೆಯಾಗುತ್ತದೆ, ಹಾಗಾಗಿ ಎರಡು ಪಟ್ಟಿಗಿಂತ ಸ್ವಲ್ಪ ಬೇಗ ಬರುತ್ತದೆ. ಎಷ್ಟು ಬೇಗ ಅನ್ನುವುದನ್ನು ಕೊಯ್ದು ಅಳೆದ ನೀರಿನ ಅಂಶದಿಂದ ಮೊದಲು ಲೆಕ್ಕ ಮಾಡಿ. ಆಮೇಲೆ ಬಾಟಲಿಗಳ ಇ.ಸಿ. ನೋಡಿ. ಎರಡೂ ಹರಿವಿನಲ್ಲಿ ಲೆಕ್ಕ ಹೊಂದಿದರೆ ಪದರಗಳ ಜಾಗ ಬದಲಿಸಿ, ಮರಳನ್ನು ಮೇಲಕ್ಕೆ ತಂದು ಮೂರನೇ ಪೈಪು ಕಟ್ಟಿ. ಮರಳಿನ ಗಡಿಯ ಮೇಲೆ ನೀರು ಕಟ್ಟಿ ನಿಲ್ಲುವುದು ಈ ಸಲ ಇರುವುದಿಲ್ಲ. ಅದೇ ಮಣ್ಣು, ಅದೇ 60 ಸೆಂ.ಮೀ. ಆದರೂ ಗ್ರಾಫ್ ಬೇರೆಯಾಗುವುದನ್ನು ನೋಡುತ್ತೀರಿ.